ಫೀಲ್ಡ್ ವರದಿ ಮತ್ತೆ ಮತ್ತೆ ಟೈಪ್ ಮಾಡೋದು ತಪ್ಪಿಸೋದು ಹೇಗೆ?

ತುಂಗಾತೀರ:
ರಾಯಚೂರು ಜಿಲ್ಲೆಯ ಸ್ವಸಹಾಯ ಸಂಘಗಳ ಜೊತೆ ಕೆಲಸ ಮಾಡುವ ಸಣ್ಣ ಸಂಸ್ಥೆ. 12 ಜನ ಫೀಲ್ಡ್‌ನವರು ಹಾಜರಿ, ಉಳಿತಾಯದ ಹಾಳೆಗಳ ಫೋಟೊ ತೆಗೆದು ವಾಟ್ಸ್ಆ್ಯಪ್‌ಗೆ ಹಾಕ್ತಾರೆ. ಆಫೀಸಿನವರು ಅದನ್ನ ಎಕ್ಸೆಲ್‌ಗೆ ಏರಿಸಿ, ಮೂರು ದಾನಿ ಸಂಸ್ಥೆಗಳಿಗೆ ಮೂರು ನಮೂನೆಯಲ್ಲಿ ವರದಿ ಮಾಡಬೇಕು. ತಿಂಗಳ ಕೊನೇ ವಾರ ಪೂರ್ತಿ ಇದಕ್ಕೇ. ಹಳ್ಳಿಗಳಲ್ಲಿ ನೆಟ್‌ವರ್ಕ್ ಇಲ್ಲ, ಹೊಸ ಸಾಫ್ಟ್‌ವೇರ್‌ಗೆ ದುಡ್ಡೂ ಇಲ್ಲ.

ಎರೆಹೊಲ:
ಕೋಬೊಟೂಲ್‌ಬಾಕ್ಸ್ (ಫಾರ್ಮ್ ಮೂಲಕ ಮಾಹಿತಿ ಸಂಗ್ರಹಿಸುವ ಸಾಧನ) ಸಾಕು. ಆಂಡ್ರಾಯ್ಡ್ ಫೋನಿನಲ್ಲಿ ಅದರ ಆ್ಯಪ್ ಕೋಬೊಕಲೆಕ್ಟ್‌ನಲ್ಲಿ ನೆಟ್‌ವರ್ಕ್ ಇಲ್ಲದೆಯೂ ಫಾರ್ಮ್ ತುಂಬಿ, ಸಿಗ್ನಲ್ ಸಿಕ್ಕಾಗ ಕಳಿಸಬಹುದು. ಪ್ರಶ್ನೆಗಳು ಕನ್ನಡದಲ್ಲೇ ಇರಲಿ.

ಊರ ಹೆಸರನ್ನು ಮಾತ್ರ ಟೈಪ್ ಮಾಡಿಸಬೇಡಿ. ಲಿಂಗಸುಗೂರು, ಲಿಂಗಸೂಗೂರು, ಲಿಂಗಸೂರು ಅಂತ ಮೂವರು ಮೂರು ಥರ ಬರೆದರೆ ಎಕ್ಸೆಲ್‌ನ ಪಿವಟ್‌ನಲ್ಲಿ (ಒಟ್ಟು ಲೆಕ್ಕ ತೋರಿಸುವ ಸಾರಾಂಶ ಕೋಷ್ಟಕ) ಮೂರು ಊರಾಗಿ ಕೂರುತ್ತೆ. ಪಟ್ಟಿಯಿಂದ ಆರಿಸುವ ಹಾಗಿರಲಿ. ಎಕ್ಸ್‌ಎಲ್‌ಎಸ್‌ಫಾರ್ಮ್‌ನ (ಫಾರ್ಮಿನ ಪ್ರಶ್ನೆ, ಆಯ್ಕೆಗಳನ್ನು ಬರೆದಿಡುವ ಎಕ್ಸೆಲ್ ಫೈಲ್) ‘ಚಾಯ್ಸಸ್’ ಹಾಳೆಯಲ್ಲಿ ಲೇಬಲ್ (ಫೋನಿನಲ್ಲಿ ಕಾಣುವ ಹೆಸರು) ಕನ್ನಡದ್ದು, ನೇಮ್ ಕಾಲಂನಲ್ಲಿ (ದಾಖಲೆಯಲ್ಲಿ ಉಳಿಯೋದು) 2011ರ ಜನಗಣತಿಯ 6 ಅಂಕಿಯ ಕೋಡ್. ಆ ಕೋಡನ್ನು ನಡುವೆ ಬದಲಿಸಿದಿರೋ, ಹಳೇ ದಾಖಲೆ ಹೊಸದರ ಜೊತೆ ಕೂಡೋದಿಲ್ಲ. ಸಂಘಗಳಿಗೂ ಒಂದೊಂದು ನಂಬರ್ ಕೊಡಿ. ಫೋಟೊ ಬೇಕೇ ಬೇಕು ಅಂದರೆ ಪ್ಯಾರಾಮೀಟರ್ಸ್ ಕಾಲಂನಲ್ಲಿ ಮ್ಯಾಕ್ಸ್-ಪಿಕ್ಸೆಲ್ಸ್ 1024 ಹಾಕಿ, ಫೈಲು ಹಗುರಾಗುತ್ತೆ.

ಲೆಕ್ಕದ ಪುಸ್ತಕ:
ಇದರಿಂದ ಟೈಪಿಂಗ್ ತಪ್ಪೀತು, ಮೂರು ನಮೂನೆಯ ಗೋಳು ತಪ್ಪಲ್ಲ. ಕೋಬೊದಿಂದ ಇಳಿಸಿದ ಎಕ್ಸೆಲ್ ಫೈಲನ್ನು ಪ್ರತಿ ಸಲ ಅದೇ ಹೆಸರಲ್ಲಿ, ಹಳೇದರ ಮೇಲೇ ಉಳಿಸಿ. ವರದಿಯ ವರ್ಕ್‌ಬುಕ್ ಬೇರೆ. ಅದರ ಪವರ್ ಕ್ವೆರಿ (ಬೇರೆ ಫೈಲಿನ ಮಾಹಿತಿ ಎಳೆದು ತರುವ ಎಕ್ಸೆಲ್ ಸೌಲಭ್ಯ) ಈ ಫೈಲನ್ನು ಓದಲಿ. ದಾನಿಗೊಂದು ಪಿವಟ್ ಹಾಳೆ. ಒಮ್ಮೆ ಕೂತು ಮಾಡಿಟ್ಟರೆ ಆಮೇಲೆ ‘ರಿಫ್ರೆಶ್ ಆಲ್’ ಒತ್ತೋದಷ್ಟೇ.

ಎಡವೋದು ಇಲ್ಲಿ: ಇಳಿಸುವಾಗ ‘ಎಕ್ಸ್‌ಎಂಎಲ್ ವ್ಯಾಲ್ಯೂಸ್ ಆ್ಯಂಡ್ ಹೆಡರ್ಸ್’ ಆರಿಸಬೇಕು. ಲೇಬಲ್ ಆರಿಸಿದರೆ ಪ್ರಶ್ನೆಯ ವಾಕ್ಯವೇ ಕಾಲಂ ಹೆಸರಾಗುತ್ತೆ. ಮುಂದೆ ಯಾರಾದರೂ ಅದರಲ್ಲಿ ಒಂದು ಕಾಗುಣಿತ ತಿದ್ದಿದರೂ ಕ್ವೆರಿ ಕಾಲಂ ಸಿಗದೆ ನಿಂತುಬಿಡುತ್ತೆ. ಬರೀ ಕೋಡ್ ಬರುತ್ತಲ್ಲ ಅಂದರೆ, ಕೋಡ್ ಮತ್ತು ಊರ ಹೆಸರಿನ ಒಂದು ಹಾಳೆ ಇಟ್ಟು ಕ್ವೆರಿಯಲ್ಲೇ ಮರ್ಜ್ ಮಾಡಿ (ಕೋಡ್ ನೋಡಿ ಎರಡನ್ನೂ ಜೋಡಿಸಿ).

ಹಳೇ ಸದಸ್ಯರ ಪಟ್ಟಿ ನುಡಿ ಫಾಂಟ್‌ನಲ್ಲಿದೆಯಾ? ಹಾಗಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಕಣ್ಣಿಗೆ ‘ಸರೋಜಮ್ಮ’ ಕಂಡರೂ ಒಳಗಿರೋದು ಇಂಗ್ಲಿಷ್ ಚಿಹ್ನೆಗಳ ಕಲಸುಮೇಲೋಗರ, ಹುಡುಕಿದರೆ ಸಿಗಲ್ಲ.

ತುಂಗಾತೀರ:
ನುಡಿಯಲ್ಲೇ ಇದೆ, ಪೂರ್ತಿ! ಇನ್ನೊಂದು: ‘ಕಳಿಸಿದೀನಿ ಸರ್’ ಅಂತಾರೆ, ಸರ್ವರ್‌ನಲ್ಲಿ ಇಲ್ಲದಿದ್ದರೆ?

ಎರೆಹೊಲ:
ಬಹುತೇಕ ಡ್ರಾಫ್ಟ್‌ನಲ್ಲಿ ಉಳಿದಿರುತ್ತೆ. ಫೈನಲೈಸ್ ಮಾಡದ (ತುಂಬಿ ಮುಗೀತು ಅಂತ ಗುರುತಿಸದ) ಫಾರ್ಮ್ ಹೋಗೋದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಆಟೊ ಸೆಂಡ್ ಆನ್ ಮಾಡಿ, ಶನಿವಾರ ಒಬ್ಬೊಬ್ಬರ ಲೆಕ್ಕ ಸರ್ವರ್ ಜೊತೆ ತಾಳೆ ನೋಡಿ. ಫೋನ್ ನಿಧಾನ ಅಂತ ಯಾರೂ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡದಿರಲಿ, ಕಳಿಸದೇ ಇರೋದೆಲ್ಲ ಅದರ ಜೊತೆಗೇ ಹೋಗುತ್ತೆ.