ಪರೇಲಿನ ಆಸ್ಪತ್ರೆಯಲ್ಲಿ ತೀರಿಕೊಂಡ ದೊಡ್ಡಜ್ಜನ ದಾಖಲೆ ಎಲ್ಲಿ ಸಿಗಬಹುದು?

ಪ್ರಶ್ನೆ (ಡೊಂಬಿವಲಿಯ ಸದಸ್ಯೆ): ನಮಸ್ಕಾರ ಸರ್. ನನ್ನ ಅಜ್ಜನ ಅಣ್ಣ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು ಮಾಟುಂಗದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. 1955ರಲ್ಲಿ ಅವರು ‘ಪರೇಲಿನ ಆಸ್ಪತ್ರೆಯಲ್ಲಿ’ ತೀರಿಕೊಂಡರೆಂದು ಜೊತೆಗಿದ್ದವರು ಊರಿಗೆ ಬರೆದ ಒಂದು ಕಾರ್ಡು ಬಿಟ್ಟರೆ ನಮ್ಮಲ್ಲಿ ಬೇರೇನೂ ಇಲ್ಲ. ಅವರಿಗೆ ಯಾವ ಕಾಯಿಲೆಯಿತ್ತು, ದಹನ ಎಲ್ಲಾಯಿತು ಎಂಬುದನ್ನು ಈಗ ತಿಳಿಯಬಹುದೇ? ಆಸ್ಪತ್ರೆಯಲ್ಲಿ ಕೇಳಿದರೆ ಕೇಸ್ ಪೇಪರ್ ಕೊಡುವರೇ?

ಉತ್ತರ (ನಿವೃತ್ತ ವೈದ್ಯಕೀಯ ದಾಖಲೆ ಅಧಿಕಾರಿ): ಕೇಸ್ ಪೇಪರಿನ ಆಸೆಯನ್ನು ಮೊದಲೇ ಬಿಟ್ಟುಬಿಡುವುದು ಒಳ್ಳೆಯದು. ಒಳರೋಗಿಗಳ ದಾಖಲೆಯನ್ನು 3 ವರ್ಷ ಕಾಪಾಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ಅದಕ್ಕಿಂತ ಹಳೆಯದನ್ನು ಇಟ್ಟುಕೊಳ್ಳುವ ಆಸ್ಪತ್ರೆಗಳು ಇವೆಯಾದರೂ, ಗೆದ್ದಲು, ಮುಂಬಯಿಯ ಮಳೆಗಾಲ, ಜಾಗದ ಅಭಾವ ಈ ಮೂರನ್ನೂ ದಾಟಿ 70 ವರ್ಷದ ಕಾಗದ ಉಳಿದಿರುವುದನ್ನು ನಾನು ನನ್ನ ನೌಕರಿಯಲ್ಲಿ ಕಂಡದ್ದು ತೀರ ಕಡಿಮೆ. ಉಳಿಯುವುದು ಮಹಾನಗರ ಪಾಲಿಕೆಯ ಮರಣ ನೋಂದಣಿ ಪುಸ್ತಕ ಮತ್ತು ಸ್ಮಶಾನದ ದಾಖಲೆ ಪುಸ್ತಕ. ತಮ್ಮ ಹುಡುಕಾಟ ಅಲ್ಲಿಂದ ಆರಂಭವಾಗಬೇಕು.

ಇಲ್ಲಿ ಹೆಚ್ಚಿನವರು ತಪ್ಪುವುದು ಒಂದೇ ಕಡೆ. ಮರಣ ಎಲ್ಲಿ ಸಂಭವಿಸಿತೋ ಅಲ್ಲಿಯೇ ನೋಂದಣಿಯಾಗುತ್ತದೆ. ಅವರು ವಾಸವಿದ್ದ ಮಾಟುಂಗದಲ್ಲೂ ಅಲ್ಲ, ಹುಟ್ಟಿದ ಕುಂದಾಪುರದಲ್ಲೂ ಅಲ್ಲ. ‘ಪರೇಲಿನ ಆಸ್ಪತ್ರೆ’ ಎಂದರೆ 1926ರಲ್ಲಿ ಆರಂಭವಾದ ಕೆ.ಇ.ಎಂ. ಇರಬಹುದು, 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಯೂ ಇರಬಹುದು, ಊರಿನವರಿಗೆ ತಿಳಿಯಲೆಂದು ಪಕ್ಕದ ಶಿವಡಿಯ ಕ್ಷಯರೋಗ ಆಸ್ಪತ್ರೆಯನ್ನೇ ಹಾಗೆ ಬರೆದಿರಲೂಬಹುದು. ಅದೃಷ್ಟವಶಾತ್ ಮೂರೂ ಈಗಿನ ಎಫ್ ಸೌತ್ ವಾರ್ಡಿನೊಳಗೇ ಬರುತ್ತವೆ, ಆದ್ದರಿಂದ ಆಸ್ಪತ್ರೆ ಯಾವುದೆಂಬ ಚರ್ಚೆಯನ್ನು ಬದಿಗಿಟ್ಟು ಆ ವಾರ್ಡಿನ ಆರೋಗ್ಯ ವೈದ್ಯಾಧಿಕಾರಿಯ ಕಚೇರಿಯಲ್ಲಿ ಹುಡುಕಾಟಕ್ಕೆ ಅರ್ಜಿ ಕೊಡಿ. ಹಾಗೆ ಕೇಳುವ ಹಕ್ಕನ್ನು 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಮು ಯಾರಿಗಾದರೂ ಕೊಡುತ್ತದೆ. ವರ್ಷವೊಂದನ್ನೇ ಬರೆದರೆ ಗುಮಾಸ್ತರು ಪುಟ ತಿರುಗಿಸಲಾರರು. ಕಾರ್ಡಿನ ಮೇಲಿನ ಅಂಚೆ ಮುದ್ರೆಯ ದಿನಾಂಕವನ್ನು ಹಿಡಿದು, ಅದರ ಹಿಂದಿನ ಹದಿನೈದು ದಿನಗಳನ್ನು ಸೂಚಿಸಿ.

ಕಾಯಿಲೆಯ ವಿಷಯ ಬೇರೆ. ಅದೇ 17ನೇ ಕಲಮು, ಕೊಡುವ ಪ್ರತಿಯಲ್ಲಿ ಮರಣದ ಕಾರಣವನ್ನು ಬಹಿರಂಗಪಡಿಸಬಾರದೆಂದೂ ವಿಧಿಸಿದೆ. ಆಸ್ಪತ್ರೆಯ ಮರಣ ಪುಸ್ತಕ ಉಳಿದಿದ್ದರೆ ಸಂಬಂಧದ ಪುರಾವೆಯೊಡನೆ ಅಲ್ಲಿಯೇ ವಿಚಾರಿಸಬೇಕು. ಅಲ್ಲಿ ‘ಥೈಸಿಸ್’ ಎಂದಿದ್ದರೂ ‘ಕಾಕ್ಸ್’ ಎಂದಿದ್ದರೂ ಅದು ಕ್ಷಯವೇ; ಎರಡನೆಯದು 1882ರಲ್ಲಿ ಕ್ಷಯದ ರೋಗಾಣುವನ್ನು ಕಂಡುಹಿಡಿದ ರಾಬರ್ಟ್ ಕಾಕ್ ಹೆಸರಿನಿಂದ ಬಂದದ್ದು, ರೋಗಿಯ ಎದುರು ಕ್ಷಯವೆನ್ನಲು ಹಿಂಜರಿಯುವ ವೈದ್ಯರು ಇಂದಿಗೂ ಬಳಸುವ ಮಾತು. ಬರೇ ‘ಜ್ವರ’ ಎಂದಿದ್ದರೆ ಅದರಿಂದ ಏನನ್ನೂ ಊಹಿಸಬೇಡಿ.

ಪ್ರಶ್ನೆ (ಬಾಂದ್ರಾದ ಸದಸ್ಯರು): ನಾವು ಮಂಗಳೂರಿನ ಕ್ಯಾಥೊಲಿಕರು. ಮುತ್ತಜ್ಜನನ್ನು ಶಿವಡಿಯಲ್ಲಿ ಹೂಳಿದರೆಂದು ಹೇಳುತ್ತಾರೆ. ಎರಡು ಬಾರಿ ಹೋಗಿ ಸುತ್ತಿದರೂ ಸಮಾಧಿ ಸಿಗಲಿಲ್ಲ.

ಉತ್ತರ: ಶಿವಡಿಯ ಸ್ಮಶಾನದಲ್ಲಿ ವಿ.ಟಿ. (ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣದ ವಾಸ್ತುಶಿಲ್ಪಿ ಸ್ಟೀವನ್ಸ್ ಅವರಂಥವರ ಸಮಾಧಿಯ ಕಲ್ಲು ನಿಂತಿದೆಯೆಂದು ಎಲ್ಲರದೂ ನಿಂತಿರುವುದಿಲ್ಲ. ಶಾಶ್ವತ ಜಾಗವನ್ನು ಕೊಳ್ಳದವರ ಗುಂಡಿಯನ್ನು ಕೆಲವು ವರ್ಷಗಳ ನಂತರ ಮತ್ತೊಬ್ಬರಿಗೆ ತೆರೆಯುವುದು ಮುಂಬಯಿಯ ಸ್ಮಶಾನಗಳ ಹಳೆಯ ಪದ್ಧತಿ. ಆದ್ದರಿಂದ ಕಲ್ಲನ್ನಲ್ಲ, ಪುಸ್ತಕವನ್ನು ಹುಡುಕಿ. ಮರಣದ ದಿನಾಂಕ ತಿಳಿಯದಿದ್ದರೆ ಮಂಗಳೂರಿನ ಧರ್ಮಕೇಂದ್ರದಲ್ಲಿ ಅವರ ಜ್ಞಾನಸ್ನಾನದ ದಾಖಲೆಯನ್ನು ತೆಗೆಸಿ ಅಂಚಿನ ಟಿಪ್ಪಣಿಯನ್ನು ನೋಡಿ. ಮದುವೆ ಬೇರೆ ಊರಿನಲ್ಲಿ ನಡೆದರೆ ಅದನ್ನು ಆ ಅಂಚಿನಲ್ಲಿ ಗುರುತು ಹಾಕುವ ಕ್ರಮ ಚರ್ಚಿನಲ್ಲಿದೆ. ಮುಂಬಯಿಯ ಯಾವ ಚರ್ಚೆಂದು ಅದರಿಂದ ತಿಳಿದರೆ ಆ ಚರ್ಚಿನ ಮರಣ ಪುಸ್ತಕದಲ್ಲಿ ಮುಂದುವರಿಯಬಹುದು.

ಮತ್ತೆ ಡೊಂಬಿವಲಿಯ ಸದಸ್ಯೆ: ಸರ್, ತಾವು ಹೇಳಿದಂತೆ ಅರ್ಜಿ ಕೊಟ್ಟೆ, ಒಂದು ದಾಖಲೆ ಸಿಕ್ಕಿದೆ. ಹೆಸರು ಅವರದೇ, ಆದರೆ ತಂದೆಯ ಹೆಸರಿನ ಜಾಗದಲ್ಲಿ ಅವರ ಸೋದರಮಾವನ ಹೆಸರಿದೆ. ಅವರಿಗೆ ಇಪ್ಪತ್ನಾಲ್ಕೋ ಇಪ್ಪತ್ತೈದೋ ಆಗಿದ್ದಿರಬೇಕು, ಇಲ್ಲಿ 30 ಎಂದಿದೆ. ಊರು ‘ಸೌತ್ ಕೆನರಾ, ಮದ್ರಾಸ್’. ಇದು ಅವರೇ ಹೌದೇ? ತಿದ್ದುಪಡಿಗೆ ಅರ್ಜಿ ಹಾಕಬೇಕೇ?

ಉತ್ತರ: ಮಾವನ ಹೆಸರು ನನಗೆ ಅನುಮಾನವನ್ನಲ್ಲ, ನಂಬಿಕೆಯನ್ನು ಹುಟ್ಟಿಸುತ್ತದೆ. ವಂಶವನ್ನು ತಾಯಿಯ ಕಡೆಯಿಂದ ಎಣಿಸುವ ಅಳಿಯಸಂತಾನದ ಮನೆಯ ಹುಡುಗನ ಬಗ್ಗೆ ಜೊತೆಗಾರರಿಗೆ ಗೊತ್ತಿದ್ದ ಹಿರಿಯರ ಹೆಸರೆಂದರೆ ಮಾವನದೇ. ಮುಂಬಯಿಯ ಅರ್ಜಿ ನಮೂನೆಗಳಲ್ಲಿ ನಡುವಿನ ಹೆಸರು ತಂದೆಯದೇ ಆಗಿರಬೇಕಾದ್ದರಿಂದ ಬರೆದುಕೊಂಡವರು ಅದನ್ನು ಅಲ್ಲಿಗೆ ಸೇರಿಸಿರಬೇಕು. ಅದೇ ಹೆಸರಿನ ಬೇರೊಬ್ಬರಿಗೆ ತಮ್ಮ ಮನೆಯ ಮಾವನ ಹೆಸರೂ ಕೂಡಿಬರುವುದು ಕಷ್ಟ. ವಯಸ್ಸನ್ನು ಹೇಳಿದವರೂ ಆ ಜೊತೆಗಾರರೇ, ಅಂದಾಜಿನಲ್ಲಿ ಹೇಳಿದಾಗ ಅದು ಇಪ್ಪತ್ತೈದಕ್ಕೋ ಮೂವತ್ತಕ್ಕೋ ಹೋಗಿ ನಿಲ್ಲುತ್ತದೆ. ಮದ್ರಾಸ್ ಎಂಬುದು ಸರಿಯೇ ಇದೆ: 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಆ ರಾಜ್ಯದಲ್ಲಿತ್ತು, ಉತ್ತರ ಕನ್ನಡ ಮುಂಬಯಿ ರಾಜ್ಯದಲ್ಲಿತ್ತು.

ಆಸ್ತಿಯ ವ್ಯವಹಾರವಿಲ್ಲದಿದ್ದರೆ ತಿದ್ದುಪಡಿಗೆ ಕೈಹಾಕಬೇಡಿ. ತಪ್ಪಿದ್ದರೂ ಅದು ಆ ದಿನ ಅವರ ಪಕ್ಕದಲ್ಲಿದ್ದವರು ಹೇಳಿದ ಮಾತು. ಅದರ ಬದಲು ದಾಖಲೆಯ ದಿನಾಂಕದೊಡನೆ ಪರೇಲಿನ ಭೋಯಿವಾಡದ ಸ್ಮಶಾನಕ್ಕೆ ಹೋಗಿ, ಆ ದಿನ ಮತ್ತು ಮರುದಿನದ ಪುಟಗಳನ್ನು ವಿಚಾರಿಸಿ. ಅಲ್ಲಿ ಕೇಳುವಾಗ ತಂದೆಯ ಹೆಸರನ್ನು ಹೇಳಬೇಡಿ, ಮಾವನದನ್ನೇ ಹೇಳಿ.