ಸರ್ವಿಸ್ ಆದ ಮೇಲೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಜಾರುತ್ತಿದೆ

ಪ್ರಶ್ನೆ: ಎಂಜಿನ್ ಆಯಿಲ್, ಏರ್ ಫಿಲ್ಟರ್ ಬದಲಾಯಿಸಿದ ಮಾಮೂಲಿ ಸರ್ವಿಸ್ ಅಷ್ಟೇ. ಈಗ ಡಿ ಗೆ ಹಾಕಿದರೆ ಕಾರು ತಡವಾಗಿ ಎಳೆಯುತ್ತದೆ, 2ರಿಂದ 3ಕ್ಕೆ ಬೀಳುವಾಗ ಆರ್‌ಪಿಎಂ ಸುಮ್ಮನೆ ಏರುತ್ತದೆ. ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ 6 ಸ್ಪೀಡ್. ಎಲ್ಲಿಂದ ಶುರು ಮಾಡಲಿ?

ಉತ್ತರ 1: ದಯವಿಟ್ಟು ಗಾಡಿ ಓಡಿಸಬೇಡಿ. ಮೊದಲು ಎಂಜಿನ್ ಆಯಿಲ್ ಡಿಪ್‌ಸ್ಟಿಕ್ ನೋಡಿ. ಮಟ್ಟ ಮ್ಯಾಕ್ಸ್ ಗೆರೆಗಿಂತ ತುಂಬಾ ಮೇಲಿದ್ದರೆ, ಎಂಜಿನ್ನಿನ ಬದಲು ಗೇರ್‌ಬಾಕ್ಸಿನ ಡ್ರೈನ್ ಬೋಲ್ಟ್ ಬಿಚ್ಚಿದ್ದಾರೆ ಎಂದೇ ಅನುಮಾನಿಸಿ. ಹಳೇ ಎಂಜಿನ್ ಆಯಿಲ್ ಮೇಲೆ ಹೊಸದು ಸುರಿದು, ಗೇರ್‌ಬಾಕ್ಸ್ ಬರಿದಾಗಿರುತ್ತದೆ. ಹಾಗಿದ್ದರೆ ಸ್ಟಾರ್ಟ್ ಕೂಡ ಮಾಡದೆ ಟೋ ಮಾಡಿಸಿ.

ಉತ್ತರ 2: ಎಂಜಿನ್ ಆಯಿಲ್ ಮಟ್ಟ ಸರಿಯಿದ್ದರೆ ಮುಂದೆ ಗೇರ್‌ಬಾಕ್ಸ್ ಆಯಿಲ್ ನೋಡಿ. ಗೇರ್‌ಬಾಕ್ಸಿಗೆ ಡಿಪ್‌ಸ್ಟಿಕ್ ಇಲ್ಲದಿದ್ದರೆ ಲೆವೆಲ್ ಪ್ಲಗ್‌ನಿಂದಲೇ (ಮಟ್ಟ ನೋಡುವ ತೂತಿನ ಬಿರಡೆ) ನೋಡಬೇಕು. ಕಾರು ಸಮತಟ್ಟಾಗಿ ಎತ್ತಿರಬೇಕು, ಎಂಜಿನ್ ಚಾಲೂ ಇರಬೇಕು. ಬ್ರೇಕ್ ಒತ್ತಿ ಪ್ರತಿ ಗೇರ್‌ನಲ್ಲೂ ಕೆಲವು ಸೆಕೆಂಡ್ ಇಟ್ಟು ಪಿ ಗೆ ತನ್ನಿ. ಆಯಿಲ್ ಉಷ್ಣತೆಯನ್ನು ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್‌ನಲ್ಲಿ ಓದಿ. ಹಲವು ಗೇರ್‌ಬಾಕ್ಸ್‌ಗಳಿಗೆ 35ರಿಂದ 45 ಡಿಗ್ರಿ, ಆದರೆ ನಿಮ್ಮ ಮ್ಯಾನುಯಲ್ ಹೇಳಿದ್ದೇ ಅಂತಿಮ. ಪ್ಲಗ್ ಬಿಚ್ಚಿದಾಗ ಸಣ್ಣ ಧಾರೆ ಬಂದು ಹನಿಗೆ ಇಳಿದರೆ ಸರಿ. ಏನೂ ಬರದಿದ್ದರೆ ಕಡಿಮೆ: ಪಂಪ್ ಗಾಳಿ ಎಳೆಯುತ್ತದೆ, ಒತ್ತಡ ಕುಸಿಯುತ್ತದೆ, ಗೇರ್‌ಬಾಕ್ಸ್ ಒಳಗಿನ ಕ್ಲಚ್ ಜಾರಿ ಸುಡುತ್ತದೆ. ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಹಾನಿ ಆಗಲೇ ಶುರುವಾಗಿದೆ. ಮ್ಯಾನುಯಲ್ ಹೇಳಿದ ದರ್ಜೆಯ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಬಿಟ್ಟು ಬೇರೆ ಹಾಕಬೇಡಿ. ಸಿವಿಟಿ (ಬೆಲ್ಟಿನ ಬೇರೆ ಬಗೆಯ ಆಟೋಮ್ಯಾಟಿಕ್) ಆಯಿಲ್ ಅಂತೂ ಬೇಡವೇ ಬೇಡ.

ಉತ್ತರ 3: ಎರಡೂ ಮಟ್ಟ ಸರಿಯಿದ್ದರೆ ಏರ್ ಫಿಲ್ಟರ್ ಡಬ್ಬಿ ನೋಡಿ. ಅಲ್ಲಿನ ಮಾಸ್ ಏರ್‌ಫ್ಲೋ ಸೆನ್ಸರ್ (ಎಂಜಿನ್ನಿಗೆ ಹೋಗುವ ಗಾಳಿ ಅಳೆಯುವುದು) ಕನೆಕ್ಟರ್ ಸಡಿಲವಾಗಿದ್ದರೆ ಟಾರ್ಕ್ ಲೆಕ್ಕ ತಪ್ಪಿ, ಗೇರ್‌ಬಾಕ್ಸ್ ಒತ್ತಡವೂ ತಪ್ಪುತ್ತದೆ. ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಓದಿಸಿ: ಪಿ0102 ಇದ್ದರೆ ಸೆನ್ಸರ್ ಕಡೆ, ಪಿ0730 ಇದ್ದರೆ ಗೇರ್ ಅನುಪಾತ ತಪ್ಪಿದೆ, ಅಂದರೆ ಜಾರುವುದು ನಿಜ. ಬ್ಯಾಟರಿ ಕಳಚಿದ್ದರೆ ಗೇರ್‌ಬಾಕ್ಸಿನ ಕಂಪ್ಯೂಟರ್ ಕಲಿತಿಟ್ಟ ಮೌಲ್ಯ ಅಳಿಸಿ ಗೇರ್ ಬದಲಾವಣೆ ಒರಟಾಗಬಹುದು. ಆಯಿಲ್ ಮಟ್ಟ ಖಚಿತವಾಗುವ ತನಕ ಆ ಮೌಲ್ಯದ ರೀಸೆಟ್‌ಗೆ ಕೈ ಹಾಕಬೇಡಿ.