ಸಹಾಯ ಬೇಕು: ಕೆಮಿಕಲ್ ಇಲ್ಲದ ಬೆಲ್ಲಕ್ಕೆ ಮೈಸೂರಲ್ಲಿ ಗಿರಾಕಿ ಸಿಗ್ತಾರಾ?

ಎಲ್ಲರಿಗೂ ನಮಸ್ಕಾರ. ಪಾಂಡವಪುರದ ಹತ್ತಿರ ನಮ್ಮ ಚಿಕ್ಕಪ್ಪನ ಆಲೆಮನೆ ಇದೆ. ಅಲ್ಲಿಯ ಬೆಲ್ಲವನ್ನು ಮೈಸೂರಿನ ಮನೆಗಳಿಗೆ ತಲುಪಿಸಬೇಕು ಅಂತ ಆಸೆ. ಹೈಡ್ರೋಸ್ ಅನ್ನುವ, ಬಣ್ಣ ತಿಳಿ ಮಾಡುವ ಕೆಮಿಕಲ್ ಹಾಕಿದರೆ ಬೆಲ್ಲ ಹಳದಿಯಾಗಿ ಹೊಳೆಯುತ್ತದೆ. ಚಿಕ್ಕಪ್ಪ ಅದನ್ನು ಮುಟ್ಟುವುದಿಲ್ಲ. ಕುದಿಯುವ ಕಬ್ಬಿನ ಹಾಲಿಗೆ ಬೆಂಡೆಗಿಡದ ಲೋಳೆ ಬಿಟ್ಟು ಕೊಳೆ ತೆಗೆಯುತ್ತಾರೆ. ಹಾಗಾಗಿ ಬಣ್ಣ ಕಂದು.

ರುಚಿ ನೋಡಿದವರೆಲ್ಲ ಚೆನ್ನಾಗಿದೆ ಅನ್ನುತ್ತಾರೆ. ಆದರೆ ಬಾಯಿಮಾತೇ ಬೇರೆ, ದುಡ್ಡು ಕೊಟ್ಟು ಕೊಳ್ಳುವುದೇ ಬೇರೆ ಅಲ್ವಾ? ಅದಕ್ಕೇ ಕುವೆಂಪುನಗರ, ಸರಸ್ವತಿಪುರಂ ಕಡೆ ಮೊದಲೇ ದುಡ್ಡು ತೆಗೆದುಕೊಂಡು ಸ್ವಲ್ಪ ಆರ್ಡರ್ ಹಿಡಿಯೋಣ ಅಂತಿದ್ದೇನೆ. ಪ್ಯಾಕಿಂಗ್ ಮೆಷಿನ್‌ಗೆ ಸಾಲ ಮಾಡುವುದು ಆಮೇಲಿನ ಮಾತು.

ಇಂಥ ವ್ಯಾಪಾರ ಮಾಡಿದವರು ದಯವಿಟ್ಟು ಹೇಳಿ. ಹತ್ತು ಮನೆಯಲ್ಲಿ ಎಷ್ಟು ಮನೆಯವರು ಎರಡನೇ ಸಲ ಕೇಳಿದರೆ ಧೈರ್ಯ ಮಾಡಬಹುದು? ದೇವರಾಜ ಮಾರ್ಕೆಟ್ ರೇಟಿಗಿಂತ ಕೆಜಿಗೆ ಎಷ್ಟು ಜಾಸ್ತಿ ಇಟ್ಟರೆ ಜನ ಒಪ್ಪುತ್ತಾರೆ? ಮಳೆಗಾಲದಲ್ಲಿ ನೀರು ಬಿಡದ ಹಾಗೆ ಹೇಗೆ ಇಡುತ್ತೀರಿ?